ಆಟಕ್ಕೆ ಲೆಕ್ಕ ಕೇಳುವವರಿಗೆ

ನಮ್ಮ ತಿಲಕ್ ನಗರದ ಅಡ್ಡರಸ್ತೆಗಳಲ್ಲಿ ಸಂಜೆ ಏಳರ ಮೇಲೆ ನಡೆದು ಬಂದರೆ ಒಂದಲ್ಲ ಒಂದು ಕಡೆ ದೀಪದ ಕೆಳಗೆ ಕೇರಂ ಬೋರ್ಡು ಕಾಣುತ್ತದೆ. ಸುತ್ತ ನಿಂತವರೆಲ್ಲ ಹುಡುಗರೇನಲ್ಲ. ಗ್ಯಾರೇಜಿನ ಕೈ ಒರೆಸಿಕೊಂಡು ಬಂದ ಮೆಕ್ಯಾನಿಕ್, ಆಟೊ ನಿಲ್ಲಿಸಿ ಬಂದ ಚಾಲಕ, ಅಂಗಡಿಯ ಷಟರ್ ಎಳೆದು ಬಂದ ಐವತ್ತರ ಯಜಮಾನ. ರೆಡ್ ಕಾಯಿ ಬಿದ್ದರೆ ಬೀದಿಯ ಕೊನೆಯವರೆಗೂ ಕೂಗು ಕೇಳುತ್ತದೆ. ಇವರನ್ನು ಯಾರೂ ‘ಇದರಿಂದ ಏನು ಉಪಯೋಗ?’ ಎಂದು ಕೇಳುವುದಿಲ್ಲ, ಕೇಳಲೂಬಾರದು. ಅಂಥದೇ ಒಂದು ಅಡ್ಡರಸ್ತೆಯ ಮನೆಯ ಮೊದಲ ಮಹಡಿಯಲ್ಲಿ, ನಲವತ್ತನಾಲ್ಕು ವರ್ಷದ ನಾನು ಭಾನುವಾರ ನೆಲದ ಮೇಲೆ ಕೂತು ಪ್ಲಾಸ್ಟಿಕ್ ಇಟ್ಟಿಗೆ ಜೋಡಿಸುತ್ತೇನೆ. ನನ್ನನ್ನು ಮಾತ್ರ ಎಲ್ಲರೂ ಕೇಳುತ್ತಾರೆ.

ಕೇಳುವ ರೀತಿ ಎರಡು. ಹಿರಿಯರು ಮುಖಕ್ಕೇ ಹೇಳುತ್ತಾರೆ: “ಮನೇಲಿ ಇಷ್ಟೊಂದು ಕೆಲಸ ಇಟ್ಕೊಂಡು ಇದೇನೇ ಮಕ್ಕಳಾಟ?” ನನ್ನ ವಯಸ್ಸಿನ ತಂದೆತಾಯಿಯರು ನಯವಾಗಿ ಹೇಳುತ್ತಾರೆ: “ಮಗಳಿಗೆ ಒಳ್ಳೇದು ಬಿಡಿ, ಬ್ರೇನ್ ಡೆವಲಪ್ ಆಗತ್ತೆ.” ಒಂದು ಗದರಿಕೆಯಂತೆ, ಇನ್ನೊಂದು ಮೆಚ್ಚುಗೆಯಂತೆ ಕೇಳಿಸುತ್ತದೆ. ಎರಡರ ಬೇರು ಒಂದೇ. ಆಟ ತನ್ನ ಕಾಲ ಮೇಲೆ ತಾನು ನಿಲ್ಲಲಾರದು, ಅದು ಮುಂದೆಂದೋ ಬರುವ ಯಾವುದೋ ಲಾಭಕ್ಕೆ ಅಡವಾಗಿರಬೇಕು ಎಂಬ ನಂಬಿಕೆ. ದಕ್ಷಿಣ ಬೆಂಗಳೂರಿನ ಮಧ್ಯಮವರ್ಗದ ಮನೆಗಳಲ್ಲಿ ಇದನ್ನು ಪ್ರಶ್ನಿಸುವವರೇ ಇಲ್ಲ. ನಾನು ಪ್ರಶ್ನಿಸುತ್ತೇನೆ. ಎರಡೂ ಮಾತು ತಪ್ಪು, ಎರಡನೆಯದರ ಕೇಡು ಹೆಚ್ಚು.

2023ರ ದಸರಾಕ್ಕೆ ಗೊಂಬೆ ಇಳಿಸಲು ಅಟ್ಟ ಹತ್ತಿದ್ದೆ. ಅಮ್ಮನ ತಗಡಿನ ಟ್ರಂಕಿನ ತಳದಲ್ಲಿ, ಪಟ್ಟದ ಗೊಂಬೆಗಳನ್ನು ಸುತ್ತಿಟ್ಟ ಹಳೆಯ ಪಂಚೆಯ ಕೆಳಗೆ ಒಂದು ಬಿಸ್ಕತ್ತಿನ ಡಬ್ಬ ಸಿಕ್ಕಿತು. ಅಲ್ಲಾಡಿಸಿದೆ. ಮುಚ್ಚಳ ತೆಗೆಯುವ ಮೊದಲೇ ಒಳಗೇನಿದೆ ಎಂದು ಕೈಗೆ ಗೊತ್ತಾಯಿತು. 1988ರಲ್ಲಿ ಮಸ್ಕತ್ತಿನಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ ತಂದುಕೊಟ್ಟ ಲೆಗೊ ಇಟ್ಟಿಗೆಗಳು. ನನಗಾಗ ಏಳು ವರ್ಷ. ಐದು ವರ್ಷ ಅವುಗಳ ಜೊತೆಗೇ ಬೆಳೆದೆ. ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಬಂದಾಗ ಅಪ್ಪ ಡಬ್ಬಕ್ಕೆ ದಾರ ಬಿಗಿದು ಅಟ್ಟದ ಮೇಲಿಟ್ಟು, “ಪರೀಕ್ಷೆ ಮುಗೀಲಿ, ಕೊಡ್ತೀನಿ” ಎಂದರು. ಆಮೇಲೆ ಎಸ್ಸೆಸ್ಸೆಲ್ಸಿ ಬಂತು, ಪಿಯುಸಿ ಬಂತು, ಸಿಇಟಿ ಬಂತು, ಕೆಲಸ ಬಂತು. ಅಪ್ಪ ಎಲ್ಲರೂ ಹೇಳಿದ್ದನ್ನೇ ಹೇಳಿದ್ದರು, ಅವರ ಮೇಲೆ ನನಗೆ ಕೋಪವಿಲ್ಲ. ನನ್ನ ಜಗಳ ಆ ಮಾತಿನ ಜೊತೆ. ಈ ಊರಿನಲ್ಲಿ ಪರೀಕ್ಷೆ ಮುಗಿಯುವುದಿಲ್ಲ ಎಂಬುದು ಹೇಳಿದವರಿಗೂ ಗೊತ್ತಿರುವುದಿಲ್ಲ, ಕೇಳಿಸಿಕೊಂಡ ಮಗುವಿಗೂ ಗೊತ್ತಿರುವುದಿಲ್ಲ.

ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು ಮೊರದಲ್ಲಿ ಒಣಹಾಕಿದೆ. ಹಿಂದೆ ಕಿಟಕಿಯ ಬಿಸಿಲು ತಿಂದ ಬಿಳಿಯವು ಹಳದಿಗಟ್ಟಿದ್ದವು. ಎಂಟು ವರ್ಷದ ಮಗಳು ಹುಟ್ಟುಹಬ್ಬಕ್ಕೆ ಬಂದ ತನ್ನ ಹೊಸ ಇಟ್ಟಿಗೆಯೊಂದನ್ನು ತಂದು ನನ್ನ ಹಳೆಯದರ ಮೇಲಿಟ್ಟು ಒತ್ತಿದಳು. ಟಕ್ ಎಂದು ಕೂತಿತು. ಮೂವತ್ತೈದು ವರ್ಷದ ಅಂತರ, ಒಂದಿಷ್ಟೂ ಸಡಿಲವಿಲ್ಲ. ಈ ಜೋಡಣೆಗೆ ಡೆನ್ಮಾರ್ಕಿನ ಬಿಲುಂಡ್ ಊರಿನವರು ಹಕ್ಕುಪತ್ರಕ್ಕೆ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಆ ವರ್ಷದ ಇಟ್ಟಿಗೆ ಇಂದಿಗೂ ಇಂದಿನದರ ಮೇಲೆ ಕೂರುತ್ತದೆ. ಲೆಗೊ ಎಂಬ ಹೆಸರು ಡೇನಿಶ್ ಭಾಷೆಯ ಎರಡು ಮಾತುಗಳಿಂದ ಬಂದದ್ದು, ಅರ್ಥ ‘ಚೆನ್ನಾಗಿ ಆಡು’. ಚೆನ್ನಾಗಿ ಕಲಿ ಎಂದೇನೂ ಅಲ್ಲ. ಮರದ ಆಟಿಕೆ ಮಾಡುತ್ತಿದ್ದ ಬಡಗಿಯೊಬ್ಬ 1930ರ ದಶಕದಲ್ಲಿ ತನ್ನ ಕಸುಬಿಗೆ ಇಟ್ಟ ಹೆಸರು ಅದು.

ಆ ದಿನ ಇನ್ನೊಂದು ಸಂಗತಿ ಗೊತ್ತಾಯಿತು. ದಾರ ಬಿಗಿದು ಅಟ್ಟಕ್ಕೆ ಹೋದ ಡಬ್ಬ ಗೊಂಬೆಗಳ ಟ್ರಂಕಿಗೆ ಹೇಗೆ ಬಂತು? ಕೇಳಿದೆ. ಅಮ್ಮ ಸಂಕೋಚವಿಲ್ಲದೆ ಹೇಳಿದರು: “ನೀನು ಓದ್ಕೊಳ್ತಾ ಇದ್ದೆ. ನನಗೆ ಪಾರ್ಕಿಗೆ ಬೇಕಾಗಿತ್ತು.” ನಮ್ಮ ಕಡೆ ಗೊಂಬೆ ಹಬ್ಬಕ್ಕೆ ಪಾರ್ಕು ಮಾಡುವುದನ್ನು ಕಂಡವರಿಗೆ ಇದು ಅರ್ಥವಾಗುತ್ತದೆ. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಬೇಕು. ಪಾಡ್ಯ ಕಳೆದು ನಾಲ್ಕೈದು ದಿನಕ್ಕೆ ಹಸಿರು ಏಳುತ್ತದೆ. ಕನ್ನಡಿ ಚೂರು ಕೆರೆಯಾಗುತ್ತದೆ, ಬೆಂಕಿಪೊಟ್ಟಣ ರೈಲಾಗುತ್ತದೆ, ಮರಳಿನ ರಸ್ತೆಗೆ ಬ್ಲೇಡಿನಿಂದ ಅಂಚು ತೀಡಬೇಕು. ಗುಡ್ಡದ ಮೇಲೆ ಗುಡಿ ಇರಲೇಬೇಕು, ಗುಡಿಗೆ ಮೆಟ್ಟಿಲು ಬೇಕು. ಮಣ್ಣಿನ ಮೆಟ್ಟಿಲು ಮೂರನೇ ದಿನಕ್ಕೆ ಕುಸಿಯುತ್ತದೆ. ಅಮ್ಮ ನನ್ನ ಕೆಂಪು ಇಟ್ಟಿಗೆಗಳಲ್ಲಿ ಹದಿನೆಂಟು ಮೆಟ್ಟಿಲು ಕಟ್ಟುತ್ತಿದ್ದರಂತೆ, ಬಿಳಿಯವುಗಳಿಂದ ಕಾಂಪೌಂಡು. ನಾನು ಪಕ್ಕದ ಕೋಣೆಯಲ್ಲಿ ರಸಾಯನಶಾಸ್ತ್ರ ಉರು ಹೊಡೆಯುತ್ತಿದ್ದ ವರ್ಷಗಳಲ್ಲಿ ನನ್ನ ತಾಯಿ ನನ್ನ ಆಟಿಕೆಯಲ್ಲಿ ಆಡುತ್ತಿದ್ದರು. ಅದನ್ನು ಯಾರೂ ಆಟ ಎನ್ನಲಿಲ್ಲ, ಸಂಪ್ರದಾಯ ಎಂದರು. ಸಂಪ್ರದಾಯ ಎಂದದ್ದರಿಂದಲೇ ಅದು ಉಳಿಯಿತು. ಆದರೆ ಬೆಳಗಿನ ಜಾವ ಎದ್ದು, ಕೆರೆಯ ದಂಡೆಗೆ ಇನ್ನೊಂದು ಬಾತುಕೋಳಿ ಬೇಕೇ ಬೇಡವೇ ಎಂದು ಗಲ್ಲಕ್ಕೆ ಕೈಕೊಟ್ಟು ಕೂರುವ ಹೆಂಗಸು ದೇವರ ಕೆಲಸವನ್ನಷ್ಟೇ ಮಾಡುತ್ತಿದ್ದಳೆಂದು ಹೇಳಿದರೆ ಅದು ಅವಳ ಆನಂದಕ್ಕೆ ಮಾಡಿದ ಅನ್ಯಾಯ.

ಹೀಗಾಗಿ ‘ಮಕ್ಕಳಾಟ’ ಎಂದು ಬೈಯುವವರಿಗೆ ನನ್ನ ಮೊದಲ ಉತ್ತರ ಕನ್ನಡದಲ್ಲೇ ಇದೆ. ಆಟ ಎಂಬ ಮಾತನ್ನು ನಮ್ಮ ನುಡಿ ಎಂದೂ ಮಕ್ಕಳಿಗಷ್ಟೇ ಬರೆದುಕೊಟ್ಟಿಲ್ಲ. ಕರಾವಳಿಯಲ್ಲಿ ‘ಆಟಕ್ಕೆ ಹೋಗಿದ್ದೆ’ ಎಂದರೆ ಇಡೀ ರಾತ್ರಿ ಯಕ್ಷಗಾನ ನೋಡಿ ಬಂದೆ ಎಂದು ಅರ್ಥ. ಉತ್ತರ ಕರ್ನಾಟಕದಲ್ಲಿ ದೊಡ್ಡಾಟ, ಸಣ್ಣಾಟ. ಬಯಲಾಟ, ಗೊಂಬೆಯಾಟ. ಆಡುವವರೂ ನೋಡುವವರೂ ಸಂಸಾರಸ್ಥರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಪಗಡೆ, ಚದುರಂಗ, ಎಲೆಯಾಟಗಳಿಗೆ ಹೊಸ ಹೊಸ ಮಾದರಿಗಳನ್ನು ಕಟ್ಟಿದವರು. ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯ ಕೌತುಕನಿಧಿಯಲ್ಲಿ ದೇವರ ಧ್ಯಾನಶ್ಲೋಕಗಳ ಪಕ್ಕದಲ್ಲೇ ಆಟಕ್ಕೂ ಜಾಗ ಕೊಟ್ಟವರು. ಚದುರಂಗದ ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲಿ ಒಮ್ಮೊಮ್ಮೆ ಮಾತ್ರ ಇಳಿಸಿ ನಡೆಸುವ ಒಗಟಿನಲ್ಲಿ ಅವರು ವರ್ಷಗಟ್ಟಲೆ ಮುಳುಗಿದ್ದರು. ಅವರನ್ನು ಬಾಲಿಶರೆಂದು ಚರಿತ್ರೆ ಬರೆಯಲಿಲ್ಲ.

ಇನ್ನು ಚುಕ್ಕಿ ರಂಗೋಲಿ. ಲೆಗೊ ಇಟ್ಟಿಗೆಯ ನೆತ್ತಿಯ ಗುಂಡುಗಳನ್ನು ಅಮ್ಮ ಕರೆಯುವುದೇ ಚುಕ್ಕಿ ಎಂದು, ಈಗ ಮನೆಯವರೆಲ್ಲ ಹಾಗೇ ಹೇಳುತ್ತೇವೆ. ಎರಡು ಚುಕ್ಕಿ ಅಗಲದ ಜಾಗದಲ್ಲಿ ಒಂದೇ ಚುಕ್ಕಿ ನಡುಮಧ್ಯ ಕೂತಿರುವ ಒಂದು ತೆಳು ತುಂಡು ಬರುತ್ತದೆ. ಅದನ್ನು ಹಾಕಿದರೆ ಮೇಲಿನ ಸಾಲು ಅರ್ಧ ಚುಕ್ಕಿ ಪಕ್ಕಕ್ಕೆ ಸರಿಯುತ್ತದೆ. ಮಗಳಿಗೂ ನನಗೂ ಅದರ ಕೆಲಸ ತಿಳಿಯದೆ ಒದ್ದಾಡುತ್ತಿದ್ದಾಗ ಅಮ್ಮ ಕನ್ನಡಕ ಏರಿಸಿ ನೋಡಿ, “ಇದು ಸಂದು ಚುಕ್ಕಿ ಕಣೇ” ಎಂದರು. ಹದಿನೈದರಿಂದ ಎಂಟಕ್ಕೆ ಸಂದು ಚುಕ್ಕಿ ಇಡುತ್ತ ಅರವತ್ತು ವರ್ಷ ಬಾಗಿಲು ಸಾರಿಸಿದ ಕಣ್ಣಿಗೆ ಅದು ತಕ್ಷಣ ಕಂಡಿತು. ಬಿಲುಂಡಿನ ಎಂಜಿನಿಯರರು ಮುಟ್ಟಿದ ವಿಚಾರವನ್ನು ನಮ್ಮ ಹೊಸ್ತಿಲ ಹೆಂಗಸರು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದರು, ದಿನಾ ಬೆಳಿಗ್ಗೆ ಬರೆದು ದಿನಾ ತುಳಿಸಿಕೊಳ್ಳುತ್ತಿದ್ದರು. ಏನು ಉಪಯೋಗ ಎಂದು ಕೇಳಿ ನೋಡಿ.

ಈಗ ಎರಡನೆಯ ಮಾತಿಗೆ ಬರುತ್ತೇನೆ, ನನ್ನನ್ನು ಹೆಚ್ಚು ನೋಯಿಸುವ ಮಾತಿಗೆ. ಜಯನಗರದಿಂದ ಬನ್ನೇರುಘಟ್ಟ ರಸ್ತೆಯವರೆಗೆ ನಡೆದರೆ ಅಬ್ಯಾಕಸ್, ವೇದಿಕ್ ಮ್ಯಾಥ್ಸ್, ರೋಬೋಟಿಕ್ಸ್ ಬೋರ್ಡುಗಳ ಸಾಲು ಸಾಲು. ಇಟ್ಟಿಗೆ ಜೋಡಿಸುವುದಕ್ಕೂ ಲೆವೆಲ್ಲು, ಲೆವೆಲ್ಲಿಗೊಂದು ಸರ್ಟಿಫಿಕೇಟು. ಇದರ ಸಮರ್ಥನೆಗೆ ಒಂದು ಕಥೆ ಸದಾ ಸಿದ್ಧ. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್‌ಗೆ ಅವನ ತಾಯಿ 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಕಂಡ ಫ್ರೋಬೆಲ್‌ನ ಮರದ ಗಟ್ಟಿಗಳನ್ನು ತಂದುಕೊಟ್ಟಳು, ಅವನು ಮಹಾಶಿಲ್ಪಿಯಾದ ಎಂಬ ಕಥೆ. ಗಟ್ಟಿಗಳು ಬಂದದ್ದು ನಿಜ, ರೈಟ್ ಅವುಗಳನ್ನು ಮುಪ್ಪಿನಲ್ಲೂ ಪ್ರೀತಿಯಿಂದ ನೆನೆದದ್ದೂ ನಿಜ. ಆದರೆ ಅದೇ ಗಟ್ಟಿಗಳಲ್ಲಿ ಆಡಿ ರೊಟ್ಟಿ ಸುಡುವವರಾದ, ಗುಮಾಸ್ತರಾದ, ತಾಯಂದಿರಾದ ಸಾವಿರಾರು ಮಕ್ಕಳ ಆಟ ವ್ಯರ್ಥವಾಯಿತೆ? ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟಾಗ ಫ್ರೋಬೆಲ್ ಮಕ್ಕಳ ತೋಟ ಎಂದಿದ್ದ. ನಾವು ಅದನ್ನು ನರ್ಸರಿಯಲ್ಲಿ ಸಸಿ ಮಾಡಿ ಮಾರುವ ಕಾರ್ಖಾನೆ ಮಾಡಿಕೊಂಡಿದ್ದೇವೆ.

ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. 2025ರ ಆಗಸ್ಟ್ 10ರಂದು ಹಳದಿ ಮೆಟ್ರೊ ಮಾರ್ಗದ ಉದ್ಘಾಟನೆಯಾಯಿತು. ಜಯದೇವ ನಿಲ್ದಾಣ ನಮ್ಮ ಮನೆಗೆ ಕೂಗಳತೆಯಲ್ಲಿದೆ. ನಾನು ಓಡಾಡುತ್ತಿದ್ದ ಹಳೆಯ ಮೇಲ್ಸೇತುವೆಯನ್ನು 2020ರಲ್ಲಿ ಕೆಡವಿದರು; ಆಗಿನಿಂದ ಮಗಳು ಬೆಳೆದದ್ದೇ ಆ ಕಬ್ಬಿಣ, ಕಾಂಕ್ರೀಟು, ಧೂಳಿನ ನಡುವೆ. ಈಗ ಅಲ್ಲಿ ಒಂದರ ಮೇಲೊಂದು ಐದು ಅಂತಸ್ತು: ಅಡಿಯಲ್ಲಿ ಅಂಡರ್‌ಪಾಸ್, ನೆಲದ ರಸ್ತೆ, ಅದರ ಮೇಲೆ ಮೇಲ್ಸೇತುವೆ, ಅದರ ಮೇಲೆ ಹಳದಿ ಮಾರ್ಗ, ಎಲ್ಲಕ್ಕಿಂತ ಮೇಲೆ ಗುಲಾಬಿ ಮಾರ್ಗ. ಹತ್ತು ತುಂಬಿದ ಮಗಳು ಅದನ್ನು ಕಟ್ಟಬೇಕೆಂದಳು. ಐದು ಭಾನುವಾರ ಹಿಡಿಯಿತು. ಮೂರು ಅಂತಸ್ತು ಸುಲಭವಾಗಿ ಎದ್ದವು. ಹಳದಿ ಮಾರ್ಗವನ್ನು ಅಡ್ಡ ಹಾಯಿಸಿದ ಮೇಲೆ ಗುಲಾಬಿಯ ಕಂಬ ಎಲ್ಲಿ ಊರಿದರೂ ಕೆಳಗಿನ ಹಳಿಯ ನಡುವೆ ಇಳಿಯುತ್ತಿತ್ತು. ಕಂಬ ಪಕ್ಕಕ್ಕಿಟ್ಟರೆ ಮೇಲಿನ ತೊಲೆ ಉದ್ದವಾಗಿ ಮಧ್ಯದಲ್ಲಿ ಬಾಗಿ ಕಳಚಿ ಬೀಳುತ್ತಿತ್ತು. ತೊಲೆಯನ್ನು ಎರಡು ಪದರ ಮಾಡಿ, ಸಂದು ಬರುವ ಜಾಗ ಒಂದರ ಮೇಲೊಂದು ಬರದಂತೆ ಗಾರೆಯವರು ಗೋಡೆ ಕಟ್ಟುವ ಹಾಗೆ ಕಟ್ಟೋಣ ಎಂದೆ. ನಿಂತಿತು, ಆದರೆ ರೈಲು ಹಾಯುವಷ್ಟು ಎತ್ತರ ಉಳಿಯಲಿಲ್ಲ. ಮೂರನೆಯ ಭಾನುವಾರ ಮಗಳು ಮಾತಾಡದೆ ನೆಲದವರೆಗೂ ಎಲ್ಲವನ್ನೂ ಬಿಚ್ಚಿಬಿಟ್ಟಳು. ನನಗೆ ಗಂಟಲು ಕಟ್ಟಿತು. ಅವಳು ಅಳಲಿಲ್ಲ. ಮತ್ತೆ ಅಂಡರ್‌ಪಾಸಿನಿಂದ ಶುರು ಮಾಡಿದಳು, ಈ ಸಲ ಎರಡು ಮಾರ್ಗಗಳನ್ನೂ ನಾಲ್ಕು ಚುಕ್ಕಿ ಆಚೀಚೆ ಸರಿಸಿಕೊಂಡು.

ನಿಂತ ದಿನ ನೋಡಲು ಬಂದ ನೆಂಟರೊಬ್ಬರು ಮೊದಲು ಆಡಿದ ಮಾತು: “ಓಹೋ, ಸಿವಿಲ್ ಎಂಜಿನಿಯರ್ ಆಗ್ತಾಳೆ ಇವಳು.” ಪ್ರೀತಿಯಿಂದಲೇ ಹೇಳಿದರು. ಆದರೆ ಆ ಮಾತಿನಲ್ಲಿ ಐದು ಭಾನುವಾರಗಳು ಒಂದೇ ಗುಟುಕಿಗೆ ಮಾಯವಾದವು. ಎದುರಿಗಿದ್ದ ವಸ್ತುವನ್ನು ಅವರು ನೋಡಲೇ ಇಲ್ಲ. ಹದಿನೈದು ವರ್ಷದ ಆಚೆಗಿನ ಸಂಬಳ ಅವರಿಗೆ ಕಂಡಿತು. ಮಗಳು ಹೇಳಿದಳು: “ನಂಗೆ ಮೇಲಿನ ರೈಲಲ್ಲಿ ಕೂತು ಕೆಳಗಿನ ರೈಲು ನೋಡ್ಬೇಕು, ಅಷ್ಟೇ.” ಗುಲಾಬಿ ಮಾರ್ಗದ ರೈಲು ಆಗಿನ್ನೂ ಓಡುತ್ತಿರಲಿಲ್ಲ. ಊರು ಕೊಡುವ ಮೊದಲೇ ಅವಳಿಗೆ ಆ ನೋಟ ಬೇಕಾಗಿತ್ತು, ಕಟ್ಟಿಕೊಂಡು ನೋಡಿದಳು. ಇದಕ್ಕಿಂತ ಗಟ್ಟಿಯಾದ ಕಾರಣ ಯಾವ ಬ್ರೋಷರಿನಲ್ಲೂ ನಾನು ಓದಿಲ್ಲ.

ಅಪ್ಪನ ವಿಷಯವೂ ಇದೆ. ಕಾರ್ಖಾನೆಯಲ್ಲಿ ಫಿಟ್ಟರಾಗಿ ನಿವೃತ್ತರಾದವರು, ಡಬ್ಬಕ್ಕೆ ದಾರ ಬಿಗಿದವರು. ಕೆಲವು ದಿನ ದೂರದಿಂದ ನೋಡಿದರು. ಒಂದು ಮಧ್ಯಾಹ್ನ ಬೀರುವಿನಿಂದ ವರ್ನಿಯರ್ ಕ್ಯಾಲಿಪರ್ ತಂದು ಕೂತರು. ಚುಕ್ಕಿಯಿಂದ ಚುಕ್ಕಿಗೆ 8 ಮಿಲಿಮೀಟರ್. ಹಾಗಾದರೆ ಎರಡು ಚುಕ್ಕಿಯ ಇಟ್ಟಿಗೆ 16 ಇರಬೇಕು, ಅಳೆದರೆ 15.8. “ತಪ್ಪಿದೆಯಲ್ಲ” ಎಂದು ಇನ್ನೊಂದು ಅಳೆದರು, ಮತ್ತೊಂದು ಅಳೆದರು. ಎರಡನ್ನು ಪಕ್ಕಪಕ್ಕ ಒತ್ತಿ ನೋಡಿ ಮುಖ ಅರಳಿತು: “ಕ್ಲಿಯರೆನ್ಸ್ ಬಿಟ್ಟಿದಾರಮ್ಮ!” ಒಂದನ್ನೊಂದು ತಿಕ್ಕದೆ ಕೂರಲು ಬಿಟ್ಟ ಎಡೆ. ಇಟ್ಟಿಗೆಯ ಎತ್ತರ 9.6, ತೆಳು ತುಂಡಿನದು 3.2, ಮೂರು ತೆಳುವು ಸೇರಿದರೆ ಒಂದು ಇಟ್ಟಿಗೆ. ಐದು ತೆಳುವು ಒಟ್ಟಿದರೆ 16, ಅಂದರೆ ಸರಿಯಾಗಿ ಎರಡು ಚುಕ್ಕಿ; ಹಾಗಾಗಿ ಗೋಡೆಯನ್ನು ಮಲಗಿಸಿಯೂ ಕೂರಿಸಬಹುದು. ಇಷ್ಟನ್ನೂ ಅವರೇ ಕಂಡುಹಿಡಿದು ಮೊಮ್ಮಗಳಿಗೆ ಹೇಳಿದರು. ಇದನ್ನು ಕೇಳಿದ ಪರಿಚಿತರೊಬ್ಬರು, “ಒಳ್ಳೇದು, ವಯಸ್ಸಾದವರಿಗೆ ಜ್ಞಾಪಕಶಕ್ತಿ ಉಳಿಯತ್ತೆ” ಎಂದರು.

ನೋಡಿ, ಮೂರು ತಲೆಮಾರಿಗೆ ಮೂರು ಚೀಟಿ. ಮಗುವಿಗೆ ಮೆದುಳಿನ ಬೆಳವಣಿಗೆ, ತಾಯಿಗೆ ಒತ್ತಡ ನಿವಾರಣೆ, ಅಜ್ಜನಿಗೆ ಮರೆವಿನ ಮದ್ದು. ನಮ್ಮನ್ನು ಆಡಲು ಬಿಡುವವರು ರೋಗಿಗಳನ್ನಾಗಿ ಮಾಡಿಯೇ ಬಿಡುತ್ತಾರೆ. ಮಾರುಕಟ್ಟೆಯೂ ಅದೇ ಹಾದಿ ಹಿಡಿದಿದೆ. 2020ರಿಂದೀಚೆಗೆ ಲೆಗೊ ಕಂಪನಿ 18+ ಎಂದು ಮುದ್ರಿಸಿದ ಕಪ್ಪು ಪೆಟ್ಟಿಗೆಗಳನ್ನು ದೊಡ್ಡವರಿಗೆಂದೇ ತರುತ್ತಿದೆ. ಕೊಳ್ಳುವವರನ್ನು ನಾನು ದೂರುವುದಿಲ್ಲ. ಆದರೆ ಪುಸ್ತಿಕೆಯಲ್ಲಿ ಹೇಳಿದಂತೆ ಕಟ್ಟಿ ಗಾಜಿನ ಕಪಾಟಿನಲ್ಲಿಟ್ಟು ಮತ್ತೆಂದೂ ಬಿಚ್ಚದಿರುವುದಕ್ಕೆ ನಾನು ಈ ಲೇಖನ ಬರೆಯುತ್ತಿಲ್ಲ. ಎಂಟು ಚುಕ್ಕಿಯ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91,51,03,765 ರೀತಿಯಲ್ಲಿ ಜೋಡಿಸಬಹುದೆಂದು ಗಣಿತಜ್ಞರು ಎಣಿಸಿದ್ದಾರೆ. ಅವುಗಳಲ್ಲಿ ಒಂದನ್ನು ಮಾತ್ರ ಅಂಟಿಸಿಟ್ಟು ನೋಡುತ್ತ ಕೂರುವುದಕ್ಕೂ ನಮ್ಮ ಪರೀಕ್ಷೆಯ ಒಂದಂಕದ ಪ್ರಶ್ನೆಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ದುಡ್ಡಿನ ಮಾತು ಎತ್ತುವವರಿದ್ದಾರೆ, ಅದು ನ್ಯಾಯವಾದ ಮಾತು. ಆಟಿಕೆಯ ಆಮದು ಸುಂಕ 2020ರಲ್ಲಿ ನೂರಕ್ಕೆ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ನಮ್ಮ ಬೀದಿಯಲ್ಲೇ ಒಂದು ಕೋಣೆಯಲ್ಲಿ ಐವರು ಮಲಗುವ ಮನೆಗಳಿವೆ, ಮೂರು ಮನೆಯ ಪಾತ್ರೆ ತಿಕ್ಕಿ ರಾತ್ರಿ ಬರುವ ತಾಯಂದಿರಿದ್ದಾರೆ. ಹೊತ್ತೇ ಇಲ್ಲದವರಿಗೆ ಆಟದ ಉಪದೇಶ ಮಾಡುವುದು ಕ್ರೌರ್ಯ. ಆದರೆ ನನಗೆ ಲೆಕ್ಕ ಕೇಳುವವರು ಅವರಲ್ಲ. ಅವರ ಮನೆಯ ಗಂಡಸರು ಕೇರಂ ಆಡುತ್ತಾರೆ, ಹೆಂಗಸರು ಬಾಗಿಲಲ್ಲಿ ಚೌಕಾಬಾರ ಹಾಕಿಕೊಂಡು ಕವಡೆ ಬಿಡುತ್ತಾರೆ. ಲೆಕ್ಕ ಕೇಳುವವರು ವಾರಕ್ಕೆ ನಾಲ್ಕು ಕ್ಲಾಸಿಗೆ ಫೀಸು ಕಟ್ಟುವವರು, ಆ ಕ್ಲಾಸುಗಳ ಹೊರಗೆ ಕಾರಿನಲ್ಲಿ ಫೋನು ನೋಡುತ್ತ ಕಾಯುವವರು. ಅವರಿಗೆ ಹೊತ್ತೂ ಇದೆ, ದುಡ್ಡೂ ಇದೆ. ಅಮ್ಮನ ಪಾರ್ಕಿಗೆ ಬೇಕಾದದ್ದು ಮಣ್ಣು, ಒಂದು ಹಿಡಿ ರಾಗಿ, ಒಡೆದ ಕನ್ನಡಿ. ಅರವತ್ತು ಕಿಲೋಮೀಟರ್ ದೂರದ ಚನ್ನಪಟ್ಟಣದಲ್ಲಿ ಆಲೆ ಮರಕ್ಕೆ ಅರಗಿನ ಬಣ್ಣ ಕೂರಿಸುವ ಕೈಗಳು ಇನ್ನೂ ಇವೆ. ನನಗೆ ಲೆಗೊ ಸಿಕ್ಕಿತು, ಏಕೆಂದರೆ ಚಿಕ್ಕಪ್ಪ ಮಸ್ಕತ್ತಿಗೆ ಹೋದರು. ಇದು ಆ ಇಟ್ಟಿಗೆಯ ಪರವಾದ ಜಾಹೀರಾತಲ್ಲ. ಬಿಚ್ಚಿದರೆ ಮತ್ತೆ ಹೊಸದಾಗುವ ಅದರ ಗುಣ ರಟ್ಟು ಕತ್ತರಿಸಿ ಮಾಡಿದ ಆಟಿಕೆಯಲ್ಲಿಲ್ಲ ಎಂಬುದನ್ನು ಮಾತ್ರ ಮುಚ್ಚಿಡಲಾರೆ.

ಲೆಕ್ಕ ಕೇಳುವವರಿಗೆ ಕಾಗದವೇ ಬೇಕೆಂದರೆ ಅದೂ ಇದೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಮಗುವಿಗೆ ಆಡುವ ಹಕ್ಕಿದೆ ಎನ್ನುತ್ತದೆ. ಭಾರತ ಅದಕ್ಕೆ 1992ರಲ್ಲಿ ಒಪ್ಪಿದೆ. 1948ರ ಮಾನವ ಹಕ್ಕುಗಳ ಘೋಷಣೆಯ 24ನೇ ವಿಧಿ ವಿರಾಮದ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ, ವಯಸ್ಸು ಕೇಳಿಲ್ಲ.

ತಾಯಿಯಾಗಿ ನಾನು ಕಲಿತದ್ದು ಒಂದಿದೆ, ಅದಕ್ಕಾಗಿ ಈ ಜಗಳ ಆಡುತ್ತಿದ್ದೇನೆ. ಮೊದಮೊದಲು ನಾನೂ ಮಗಳ ಪಕ್ಕದಲ್ಲಿ ಕೂತು “ವಾಹ್, ಸೂಪರ್” ಎನ್ನುತ್ತಿದ್ದೆ, ಫೋಟೊ ತೆಗೆಯುತ್ತಿದ್ದೆ. ಅವಳು ಐದು ನಿಮಿಷಕ್ಕೆ ನನ್ನ ಮುಖ ನೋಡಿ ‘ಸರಿಯಾ?’ ಎಂದು ಕೇಳುತ್ತಿದ್ದಳು. ಮನೆಯಲ್ಲೊಂದು ಪರೀಕ್ಷಾ ಕೋಣೆ, ನಾನು ಮೇಲ್ವಿಚಾರಕಿ. ಒಂದು ದಿನ ನನಗೆ ನಿಜಕ್ಕೂ ನನ್ನದೇ ಒಂದು ಬಾವಿ ಕಟ್ಟಬೇಕೆನಿಸಿತು. ಬಾಲ್ಯದಲ್ಲಿ ಅಜ್ಜಿಯ ಊರಿನಲ್ಲಿ ಕಂಡ, ಒಳಗೆ ಮೆಟ್ಟಿಲಿಳಿಯುವ ಬಾವಿ. ಅದಕ್ಕೆ ಬೇಕಾದ ನೀಲಿ ತುಂಡುಗಳು ಅವಳಿಗೂ ಬೇಕಾಗಿದ್ದವು. “ಅದು ನಂದು, ನಾನು ಮೊದಲು ತೆಗೆದಿಟ್ಟಿದ್ದೆ” ಎಂದಳು. “ನಾನು ನೀನು ಹುಟ್ಟೋಕೆ ಮುಂಚೆ ತೆಗೆದಿಟ್ಟಿದ್ದೆ” ಎಂದೆ. ಜೋರಾಗಿ ಜಗಳವಾಯಿತು. ಕೊನೆಗೆ ಅವಳು ನಾಲ್ಕು ಕೊಟ್ಟು ಎರಡು ಕಿಟಕಿ ಕೇಳಿದಳು. ಅಂದಿನಿಂದ ‘ಸರಿಯಾ?’ ಎಂಬ ಪ್ರಶ್ನೆ ನಿಂತುಹೋಯಿತು. ನನ್ನ ಬಾವಿ ವಾಲಿದರೆ ವಾಲಿದೆ ಎನ್ನುತ್ತಾಳೆ, ಹೇಗೆ ನಿಲ್ಲಿಸಬೇಕೆಂದು ತೋರಿಸುತ್ತಾಳೆ. ಅವಳಿಗೆ ನನ್ನ ಮೆಚ್ಚುಗೆ ಬೇಕಾಗಿರಲಿಲ್ಲ, ಜೊತೆಗೆ ಆಡುವವರು ಬೇಕಾಗಿತ್ತು. ತಾವು ಆಡದೆ ಮಗುವನ್ನು ಮಾತ್ರ ಆಡಿಸುವ ತಾಯಿತಂದೆಯರಿಗೆ ಇದು ಯಾವ ಪುಸ್ತಕ ಓದಿದರೂ ತಿಳಿಯುವುದಿಲ್ಲ. ಕೂತು ಆಡಬೇಕು, ತಮಗಾಗಿ ಆಡಬೇಕು.

2025ರ ದಸರಾದಲ್ಲಿ ಗೊಂಬೆಗಳ ಕೊನೆಯ ಮೆಟ್ಟಿಲಿನ ಕೆಳಗೆ ಅಮ್ಮನ ಪಾರ್ಕು, ಅದರ ಪಕ್ಕಕ್ಕೆ ಮಗಳ ಜಯದೇವ ನಿಲ್ದಾಣ. ಪಂಚಮಿಯ ಹೊತ್ತಿಗೆ ರಾಗಿ ಪೈರು ಮೇಲ್ಸೇತುವೆಯ ಎತ್ತರಕ್ಕೆ ಬಂದಿತ್ತು. ಸಂಜೆ ಆರತಿಗೆ ಬಂದ ಪಕ್ಕದ ರಸ್ತೆಯ ತಾಯಿಯೊಬ್ಬರು ಮಗನನ್ನು ಮುಂದೆ ನಿಲ್ಲಿಸಿಕೊಂಡು ಬಹಳ ಹೊತ್ತು ನೋಡಿದರು. “ಇದನ್ನ ಯಾವ ಕ್ಲಾಸಲ್ಲಿ ಹೇಳ್ಕೊಟ್ರು ಆಂಟಿ?” ಎಂದು ಅಮ್ಮನನ್ನು ಕೇಳಿದರು.

“ಯಾವ ಕ್ಲಾಸೂ ಇಲ್ಲಮ್ಮ. ಗುಡಿಗೆ ಇನ್ನೂ ಐದು ಮೆಟ್ಟಿಲು ಕಮ್ಮಿ ಬಿದ್ದಿದೆ. ಕೂತ್ಕೊ, ಆ ಡಬ್ಬದಲ್ಲಿ ಕೆಂಪು ಹುಡುಕಿಕೊಡು” ಎಂದರು ಅಮ್ಮ.

ಆಕೆ ರೇಷ್ಮೆ ಸೀರೆಯ ನೆರಿಗೆ ಸರಿಮಾಡಿಕೊಂಡು ನೆಲಕ್ಕೆ ಕೂತರು. ಮಗ ಚರ್ಪು ತಿಂಡಿಯ ಪೊಟ್ಟಣ ಖಾಲಿ ಮಾಡಿ “ಹೋಗೋಣಮ್ಮ” ಎಂದಾಗ, ಆಕೆ ತಲೆ ಎತ್ತದೆ ಇನ್ನೂ ಎರಡು ಮೆಟ್ಟಿಲು ಬಾಕಿ ಇದೆ ಎಂದರು.